ಪಂಪ್ ನಿಂತಾಗ ನೀರು ಎಲ್ಲಿಗೆ ಹೋಗುತ್ತದೆ? ದೊಡ್ಡ ಅಕ್ವೇರಿಯಂ ಪೈಪಿಂಗ್‌ಗೆ ಯಾವ ವ್ಯವಸ್ಥೆ ಆರಿಸಬೇಕು

ದೊಡ್ಡ ಅಕ್ವೇರಿಯಂನ ನೀರು ನೆಲಕ್ಕೆ ಬರುವ ದಾರಿಗಳು ಮುಖ್ಯವಾಗಿ ನಾಲ್ಕು. ಕರೆಂಟ್ ಹೋಗಿ ಪಂಪ್ ನಿಂತಾಗ ಮೇಲಿನ ನೀರು ಕೆಳಗಿಳಿದು ಸಂಪ್ (ಟ್ಯಾಂಕಿನ ಕೆಳಗಿಡುವ ಎರಡನೇ ತೊಟ್ಟಿ, ಇಲ್ಲಿಂದಲೇ ಪಂಪ್ ನೀರನ್ನು ಮೇಲಕ್ಕೆ ಕಳಿಸುತ್ತದೆ) ತುಂಬಿ ಹರಿಯುವುದು ಒಂದು. ಕೆಳಗಿಳಿಯುವ ಪೈಪ್ ಕಟ್ಟಿಕೊಂಡು ಮೇಲಿನ ಟ್ಯಾಂಕೇ ತುಂಬಿ ಹರಿಯುವುದು ಇನ್ನೊಂದು. ಆವಿಯಾದ ನೀರನ್ನು ತಾನಾಗಿ ತುಂಬಿಸುವ ವ್ಯವಸ್ಥೆ ನಿಲ್ಲದೆ ತುಂಬಿಸುತ್ತಲೇ ಇರುವುದು ಮೂರನೆಯದು. ಎಲ್ಲೋ ಒಂದು ಜಾಯಿಂಟ್ ಸೋರುವುದು ನಾಲ್ಕನೆಯದು. ಇವುಗಳ ಜೊತೆಗೆ, ನೆಲ ಒದ್ದೆಯಾಗದೇ ಆಗುವ ಅಪಾಯವೂ ಒಂದಿದೆ. ಮೀನಿನ ನೀರು ಮನೆಯ ಕುಡಿಯುವ ನೀರಿನ ಪೈಪಿಗೆ ವಾಪಸ್ ಹೋಗುವುದು ಅದು.

ಇವುಗಳಿಗೆಲ್ಲ ಒಂದೇ ಮದ್ದು ಇಲ್ಲ. "ಒಂದು ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿಬಿಡಿ, ಆಯ್ತು" ಎಂಬ ಸಲಹೆ ಜಾಸ್ತಿ ಕೇಳಿಬರುತ್ತದೆ. ಅದು ಮೊದಲನೇ ತೊಂದರೆಯ ಒಂದು ಭಾಗವನ್ನು ಮಾತ್ರ ತಡೆಯುತ್ತದೆ, ಅದೂ ಸ್ವಚ್ಛವಾಗಿದ್ದರೆ. ಆಯ್ಕೆ ಮಾಡುವಾಗ ನಾನು ಕೇಳುವ ಪ್ರಶ್ನೆ ಒಂದೇ: ಕರೆಂಟ್ ಇಲ್ಲ, ಪೈಪಿನಲ್ಲಿ ಕಸ ಇದೆ, ಮನೆಯಲ್ಲಿ ಯಾರೂ ಇಲ್ಲ, ಆಗಲೂ ಇದು ಕೆಲಸ ಮಾಡುತ್ತದಾ? ಎತ್ತರ ಮತ್ತು ಜಾಗದ ಲೆಕ್ಕದ ಮೇಲೆ ನಿಂತ ವ್ಯವಸ್ಥೆ ಮಾಡುತ್ತದೆ. ಅಲುಗಾಡುವ ಭಾಗವಿರುವ ವ್ಯವಸ್ಥೆ ಮಾಡಬಹುದು, ಮಾಡದೆಯೂ ಇರಬಹುದು. ಮುಂದಿನ ಹೋಲಿಕೆಯೆಲ್ಲ ಈ ಅಳತೆಯ ಮೇಲೇ ಇದೆ.

ಮೊದಲು ಲೆಕ್ಕ

ಏನನ್ನೂ ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆಯಿರಿ. ಟ್ಯಾಂಕಿನ ಉದ್ದವನ್ನೂ ಅಗಲವನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ, 1000ದಿಂದ ಭಾಗಿಸಿ. ಒಂದು ಸೆಂಟಿಮೀಟರ್ ಎತ್ತರದಲ್ಲಿ ಎಷ್ಟು ಲೀಟರ್ ನೀರಿದೆ ಎಂಬುದು ಸಿಗುತ್ತದೆ. 180 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಟ್ಯಾಂಕ್ ಆದರೆ ಅದು 10.8 ಲೀಟರ್. ಈ ಟ್ಯಾಂಕನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕೆಳಗೆ ಕ್ಯಾಬಿನೆಟ್‌ನಲ್ಲಿರುವ ಸಂಪ್ 120 × 45 ಸೆಂ.ಮೀ. ಎಂದುಕೊಳ್ಳಿ. ಅದರಲ್ಲಿ ಒಂದು ಸೆಂಟಿಮೀಟರ್‌ಗೆ 5.4 ಲೀಟರ್. ಅಂದರೆ ಮೇಲೆ ಒಂದು ಸೆಂಟಿಮೀಟರ್ ಇಳಿದರೆ ಕೆಳಗೆ ಎರಡು ಸೆಂಟಿಮೀಟರ್ ಏರುತ್ತದೆ.

ಪಂಪ್ ನಿಂತ ಕೂಡಲೇ ಎರಡು ಕಡೆಯಿಂದ ನೀರು ಇಳಿಯಲು ಶುರುವಾಗುತ್ತದೆ. ಓವರ್‌ಫ್ಲೋ ಬಾಕ್ಸ್‌ನ (ಹೆಚ್ಚಾದ ನೀರು ಉಕ್ಕಿ ಬೀಳುವ, ಟ್ಯಾಂಕಿನೊಳಗಿನ ಪೆಟ್ಟಿಗೆ) ಹಲ್ಲುಗಳ ಮೇಲಿರುವ ನೀರು, ಆ ಹಲ್ಲುಗಳ ತಳ ಮುಟ್ಟುವ ತನಕ ಡ್ರೈನ್ ಪೈಪಿನಲ್ಲಿ ಇಳಿಯುತ್ತದೆ. ಪಂಪಿನಿಂದ ಮೇಲಕ್ಕೆ ನೀರು ತರುತ್ತಿದ್ದ ರಿಟರ್ನ್ ಪೈಪ್ ಈಗ ಸೈಫನ್ ಆಗಿ, ನೀರನ್ನು ಹಿಂದಕ್ಕೆ ಎಳೆಯುತ್ತದೆ. ಅದರ ಬಾಯಿ ನೀರಿನಿಂದ ಹೊರಗೆ ಬಂದು ಗಾಳಿ ಒಳಗೆ ಹೋಗುವವರೆಗೂ ಇದು ನಿಲ್ಲುವುದಿಲ್ಲ. ಈ ಎರಡನ್ನೂ ಕೂಡಿಸಬೇಕಾಗಿಲ್ಲ. ಎರಡರಲ್ಲಿ ಯಾವುದು ಕೆಳಗಿದೆಯೋ ಅಲ್ಲಿಯವರೆಗೆ ಟ್ಯಾಂಕ್ ಇಳಿಯುತ್ತದೆ, ಅಷ್ಟೇ.

ರಿಟರ್ನ್ ಪೈಪಿನ ಬಾಯಿ ನೀರಿನ ಮಟ್ಟದಿಂದ 1.5 ಸೆಂ.ಮೀ. ಕೆಳಗಿದ್ದರೆ ಇಳಿಯುವ ನೀರು ಸುಮಾರು 16 ಲೀಟರ್. ಸಂಪ್ ಮೂರು ಸೆಂಟಿಮೀಟರ್ ಏರುತ್ತದೆ, ತೊಂದರೆಯಿಲ್ಲ. 5 ಸೆಂ.ಮೀ. ಕೆಳಗಿದ್ದರೆ 54 ಲೀಟರ್. ಸಂಪ್ 10 ಸೆಂಟಿಮೀಟರ್ ಏರುತ್ತದೆ. ತಳದಲ್ಲಿ ನೀರು ಚೆನ್ನಾಗಿ ಓಡಾಡಲಿ ಎಂದು 20 ಸೆಂ.ಮೀ. ಆಳಕ್ಕೆ ಇಳಿಸಿದ್ದರೆ 216 ಲೀಟರ್. ಅಷ್ಟು ನೀರಿಗೆ ಸಂಪಿನಲ್ಲಿ 40 ಸೆಂಟಿಮೀಟರ್ ಖಾಲಿ ಜಾಗ ಬೇಕು. ಯಾರ ಕ್ಯಾಬಿನೆಟ್‌ನಲ್ಲೂ ಅಷ್ಟು ಇರುವುದಿಲ್ಲ. ಒಂದೇ ಟ್ಯಾಂಕ್, ಅದೇ ಪಂಪ್, ಅದೇ ಸಂಪ್. ಬದಲಾಗಿದ್ದು ಪೈಪಿನ ಬಾಯಿಯ ಎತ್ತರ ಮಾತ್ರ.

ಇದಕ್ಕೆ ಓವರ್‌ಫ್ಲೋ ಬಾಕ್ಸ್ ಒಳಗಿನ ಸ್ವಲ್ಪ ನೀರು ಮತ್ತು ಪೈಪುಗಳ ಒಳಗಿನ ನೀರು ಸೇರುತ್ತದೆ. ಪೈಪಿನ ನೀರಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 25 ಮಿ.ಮೀ. ಒಳ ಅಗಲದ ಎರಡು ಮೀಟರ್ ಪೈಪಿನಲ್ಲಿ ಇರುವುದು ಸುಮಾರು ಒಂದು ಲೀಟರ್.

ವಾಪಸ್ ಇಳಿಯುವ ನೀರಿಗೆ: ಎತ್ತರವೋ, ತೂತೋ, ವಾಲ್ವೋ

ನನ್ನ ಮೊದಲ ಆಯ್ಕೆ, ರಿಟರ್ನ್ ಬಾಯಿಯನ್ನು ಮೇಲ್ಮೈಗೆ ಹತ್ತಿರ ಇಟ್ಟು, ಇಳಿಯುವ ನೀರಿಗೆ ಸಂಪಿನಲ್ಲಿ ಜಾಗ ಬಿಡುವುದು. ಖರ್ಚಿಲ್ಲ, ಕೆಡುವ ಭಾಗವಿಲ್ಲ. ತಳದಲ್ಲಿ ನೀರಿನ ಓಟ ಕಡಿಮೆಯಾಗುತ್ತದೆ ಎಂಬುದು ನಿಜವಾದ ಆಕ್ಷೇಪ. ಅದಕ್ಕೆ ಟ್ಯಾಂಕ್ ಒಳಗೇ ಅಂಟಿಸುವ ವೇವ್ ಮೇಕರ್ ಹಾಕಿಕೊಳ್ಳಿ. ನೀರನ್ನು ತಿರುಗಿಸುವ ಕೆಲಸವನ್ನೂ ಮೇಲಕ್ಕೆ ತರುವ ಕೆಲಸವನ್ನೂ ಒಂದೇ ಪಂಪಿನ ತಲೆಗೆ ಕಟ್ಟಬೇಕಾಗಿಲ್ಲ.

ಬಾಯಿ ಆಳದಲ್ಲೇ ಇರಬೇಕು ಎಂದಾದರೆ ಎರಡನೇ ದಾರಿ ಸೈಫನ್ ಮುರಿಯುವ ತೂತು. ರಿಟರ್ನ್ ಪೈಪಿನಲ್ಲಿ, ನೀರಿನ ಮಟ್ಟದಿಂದ ಸುಮಾರು ಒಂದು ಸೆಂಟಿಮೀಟರ್ ಕೆಳಗೆ, 5–6 ಮಿ.ಮೀ.ನ ಒಂದೋ ಎರಡೋ ತೂತು ಕೊರೆಯಬೇಕು. ಪಂಪ್ ನಿಂತು ನೀರು ಅಷ್ಟು ಇಳಿದ ಕೂಡಲೇ ತೂತಿನಿಂದ ಗಾಳಿ ನುಗ್ಗುತ್ತದೆ, ಸೈಫನ್ ಮುರಿಯುತ್ತದೆ. ತೂತು ಟ್ಯಾಂಕಿನ ಒಳಕ್ಕೆ, ಸ್ವಲ್ಪ ಕೆಳಮುಖವಾಗಿ ಇರಲಿ. ಮೇಲ್ಮುಖವಾಗಿದ್ದರೆ ಪಂಪ್ ಓಡುವಾಗ ನೀರು ಚಿಮ್ಮಿ ಲೈಟಿಗೂ ಗೋಡೆಗೂ ತಾಗುತ್ತದೆ. ಉಪ್ಪುನೀರಾದರೆ ಬಿಳಿ ಪೊರೆ ಬೇರೆ ಕಟ್ಟುತ್ತದೆ.

ಇದರ ದೌರ್ಬಲ್ಯ ಪಾಚಿ. ತೂತು ಇರುವುದೇ ಬೆಳಕು ಜಾಸ್ತಿ ಬೀಳುವ ಜಾಗದಲ್ಲಿ. ಸಣ್ಣ ಬಸವನಹುಳುವೊಂದು ಒಳಗೆ ಕೂತರೂ ಸಾಕು. ಹಾಗಾಗಿ ಒಂದು ತೂತು ಕಟ್ಟಿಕೊಂಡರೂ ಇನ್ನೊಂದು ಇರಲಿ ಎಂದು ಎರಡು ಕೊರೆಯಿರಿ. ಗಾಜು ಒರೆಸುವ ದಿನವೇ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಇನ್ನೊಂದು ವಿಷಯ: ದಪ್ಪ ಪೈಪಿನ ಜೋರು ಸೈಫನ್ ಸಣ್ಣ ತೂತಿನಿಂದ ತಕ್ಷಣ ಮುರಿಯುವುದಿಲ್ಲ. ನೀರು ತೂತಿಗಿಂತ ಇನ್ನೂ ಸ್ವಲ್ಪ ಕೆಳಗೆ ಇಳಿದ ಮೇಲೆ ನಿಲ್ಲುತ್ತದೆ. ಸಂಪಿನ ಜಾಗವನ್ನು ಕಾಗದದ ಲೆಕ್ಕಕ್ಕಿಂತ ಒಂದಿಷ್ಟು ಜಾಸ್ತಿಯೇ ಬಿಡಬೇಕು ಎನ್ನುವುದು ಇದಕ್ಕೇ.

ಒಂದೇ ರಿಟರ್ನ್ ಪೈಪನ್ನು ಟೀ (T ಆಕಾರದ ಜೋಡಣೆ) ಹಾಕಿ ಎರಡು ಬಾಯಿ ಮಾಡಿದ್ದರೆ ಒಂದು ಅನುಕೂಲ ಇದೆ. ಒಂದನ್ನು ಮೇಲ್ಮೈಗೆ ಹತ್ತಿರ, ಇನ್ನೊಂದನ್ನು ಆಳದಲ್ಲಿ ಇಡಿ. ಮೇಲಿನ ಬಾಯಿ ಹೊರಗೆ ಬಂದಾಗ ಅಲ್ಲಿಂದಲೇ ಗಾಳಿ ಹೋಗಿ ಇಡೀ ಪೈಪಿನ ಸೈಫನ್ ಮುರಿಯುತ್ತದೆ. ಸಣ್ಣ ತೂತಿಗಿಂತ ಇದು ಎಷ್ಟೋ ಗಟ್ಟಿ, ಏಕೆಂದರೆ ಅಷ್ಟು ದೊಡ್ಡ ಬಾಯಿ ಪಾಚಿಯಿಂದ ಕಟ್ಟಿಕೊಳ್ಳುವುದಿಲ್ಲ. ಎರಡು ಪಂಪ್, ಎರಡು ಬೇರೆ ಪೈಪ್ ಇದ್ದರೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಆಗ ಒಂದೊಂದಕ್ಕೂ ಬೇರೆ ಬೇರೆ ವ್ಯವಸ್ಥೆ ಬೇಕು.

ಪೈಪನ್ನು ಟ್ಯಾಂಕಿನ ಅಂಚಿಗಿಂತ ಎತ್ತರಕ್ಕೆ ಏರಿಸಿ ಮತ್ತೆ ಒಳಗಿಳಿಸಿದರೆ ನೀರು ವಾಪಸ್ ಬರುವುದಿಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಪೈಪಿನ ತುಂಬ ನೀರಿದ್ದರೆ ಸೈಫನ್ ಆ ಎತ್ತರವನ್ನು ಹತ್ತಿಯೇ ಇಳಿಯುತ್ತದೆ. ಪೈಪಿನ ಅತಿ ಎತ್ತರದ ಜಾಗದಲ್ಲಿ ಗಾಳಿತೂತು ಇದ್ದರೆ ಮಾತ್ರ ಅದು ನಿಲ್ಲುವುದು. ಆ ತೂತಿನಿಂದ ಪಂಪ್ ಓಡುವಾಗ ನೀರು ಚಿಮ್ಮಬಹುದು, ಇಲ್ಲವೇ ಗಾಳಿ ಎಳೆದುಕೊಂಡು ಟ್ಯಾಂಕಿನ ತುಂಬ ಸಣ್ಣ ಗುಳ್ಳೆ ಬರಬಹುದು. ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ಇನ್ನು ಚೆಕ್ ವಾಲ್ವ್. ಪ್ಲಂಬರ್‌ಗಳ ಬಾಯಲ್ಲಿ ಎನ್‌ಆರ್‌ವಿ. ಸ್ವಚ್ಛವಾದ ಹೊಸ ವಾಲ್ವ್ ಚೆನ್ನಾಗಿಯೇ ತಡೆಯುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಕೆಲವು ತಿಂಗಳು ಓಡಿದ ವಾಲ್ವನ್ನು ಬಿಚ್ಚಿ ಒಳಗೆ ನೋಡಿ. ಒಳಗಿನ ಬಾಗಿಲು ಕೂರುವ ರಬ್ಬರ್ ಅಂಚಿನ ಸುತ್ತ ಕಂದು ಬಣ್ಣದ ಜಿಡ್ಡು ಇರುತ್ತದೆ. ಉಪ್ಪುನೀರಿನ ಟ್ಯಾಂಕಾದರೆ ಸುಣ್ಣದಂಥ ಗಟ್ಟಿ ಪದರ, ಕೆಲವೊಮ್ಮೆ ಸಣ್ಣ ಕೊಳವೆ ಹುಳುಗಳ ಚಿಪ್ಪು. ಒಂದು ಮರಳಿನ ಕಾಳು ಅಂಚಿಗೆ ಸಿಕ್ಕಿಕೊಂಡಿದ್ದರೂ ಬಾಗಿಲು ಕೂದಲೆಳೆಯಷ್ಟು ತೆರೆದೇ ಇರುತ್ತದೆ. ಕೈಯಿಂದ ತಳ್ಳಿ ನೋಡಿದರೆ ಮುಚ್ಚಿದಂತೆಯೇ ಕಾಣುತ್ತದೆ. ಆ ಸಂದಿನಿಂದ ನಿಮಿಷಕ್ಕೆ ಅರ್ಧ ಲೀಟರ್ ಸೋರಿದರೂ ಎರಡು ಗಂಟೆಯಲ್ಲಿ 60 ಲೀಟರ್. ರಾತ್ರಿಯಿಡೀ ಕರೆಂಟ್ ಇಲ್ಲದಿದ್ದರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಆದ್ದರಿಂದ ನನ್ನ ಮಾತು ಇಷ್ಟು: ಚೆಕ್ ವಾಲ್ವ್ ಎರಡನೇ ಕಾವಲು. ಅದಿಲ್ಲದೆಯೂ ನೆಲ ಒಣಗಿಯೇ ಇರುವಂತೆ ಮಾಡಿ, ಆಮೇಲೆ ಬೇಕಿದ್ದರೆ ಅದನ್ನು ಸೇರಿಸಿ. ರಿಟರ್ನ್ ಬಾಯಿಯನ್ನು ಟ್ಯಾಂಕಿನ ಕೆಳಭಾಗದಲ್ಲೇ ಕೊರೆದುಬಿಟ್ಟಿರುವ ಹಳೇ ಟ್ಯಾಂಕ್ ಸಿಕ್ಕಿದ್ದರೆ, ಆ ತೂತಿಗೆ ಒಳಗಿನಿಂದ ಪೈಪ್ ಜೋಡಿಸಿ ಮೇಲ್ಮೈವರೆಗೆ ತನ್ನಿ. ಅದು ಆಗದಿದ್ದರೆ ಆ ತೂತನ್ನು ಮುಚ್ಚಿ, ರಿಟರ್ನ್ ಪೈಪನ್ನು ಅಂಚಿನ ಮೇಲಿಂದ ತನ್ನಿ. ವಾಲ್ವ್ ಒಂದನ್ನೇ ನಂಬಿ ಅಂಥ ಟ್ಯಾಂಕನ್ನು ಓಡಿಸಬೇಡಿ.

ವಾಲ್ವ್ ಕೊಳ್ಳುವುದೇ ಆದರೆ ಬಾಗಿಲು ಬೀಸುವ ಸ್ವಿಂಗ್ ಬಗೆ ನೀರಿಗೆ ಅಡ್ಡಿ ಕಡಿಮೆ ಮಾಡುತ್ತದೆ. ಸ್ಪ್ರಿಂಗ್ ಬಗೆ ಬೇಗ ಮುಚ್ಚುತ್ತದೆ, ಆದರೆ ಸ್ಪ್ರಿಂಗನ್ನು ತಳ್ಳಿ ತೆರೆಯಲು ಪಂಪ್ ತನ್ನ ಬಲ ಖರ್ಚು ಮಾಡಬೇಕು, ಮೇಲೆ ಬರುವ ನೀರು ಕಡಿಮೆಯಾಗುತ್ತದೆ. ಲೋಹದ ಸ್ಪ್ರಿಂಗ್ ಇದ್ದರೆ ಉಪ್ಪುನೀರಿಗೆ ಬೇಡವೇ ಬೇಡ. ಹಿತ್ತಾಳೆಯ ವಾಲ್ವ್ ಕೂಡ ಬೇಡ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ. ಸೀಗಡಿ, ಬಸವನಹುಳು, ಹವಳಗಳಿಗೆ ತಾಮ್ರ ವಿಷ. ಪಾರದರ್ಶಕ ಪ್ಲಾಸ್ಟಿಕ್ ಮೈ, ಎರಡೂ ಕಡೆ ಯೂನಿಯನ್ (ತಿರುಗಿಸಿ ಬಿಚ್ಚುವ ಜೋಡಣೆ) ಇರುವ ವಾಲ್ವ್ ಒಳ್ಳೆಯದು. ಒಳಗಿನ ಕೊಳೆ ಹೊರಗಿನಿಂದಲೇ ಕಾಣುತ್ತದೆ, ಗರಗಸ ಇಲ್ಲದೆ ಬಿಚ್ಚಬಹುದು. ಬಾಣದ ಗುರುತು ನೀರು ಹೋಗುವ ದಿಕ್ಕಿಗೇ ಇರಲಿ. ಸ್ವಿಂಗ್ ವಾಲ್ವನ್ನು ಅಡ್ಡ ಪೈಪಿನಲ್ಲಿ, ಇಲ್ಲವೇ ನೀರು ಮೇಲಕ್ಕೇರುವ ನೇರ ಪೈಪಿನಲ್ಲಿ ಹಾಕಬೇಕು. ಕೆಲವು ತಿಂಗಳಿಗೊಮ್ಮೆ ಬಿಚ್ಚಿ ವಿನಿಗರ್‌ನಲ್ಲಿ ನೆನೆಸಿ ಉಜ್ಜಿ. ಕೆಳಗಿಳಿಯುವ ಡ್ರೈನ್ ಪೈಪಿಗೆ ಮಾತ್ರ ಯಾವತ್ತೂ ಚೆಕ್ ವಾಲ್ವ್ ಹಾಕಬೇಡಿ. ಅಲ್ಲಿ ಅದು ಕಸ ಹಿಡಿಯುವ ಬಲೆಯಾಗುತ್ತದೆ.

ಯುಪಿಎಸ್ ಇದೆ, ಪಂಪ್ ನಿಲ್ಲುವುದೇ ಇಲ್ಲ ಎನ್ನುವವರಿಗೆ ಒಂದು ಮಾತು. ಬ್ಯಾಟರಿ ಮೀನುಗಳ ಉಸಿರಿಗೆ ಬಹಳ ಒಳ್ಳೆಯದು, ಇಟ್ಟುಕೊಳ್ಳಿ. ಆದರೆ ಅದು ಖಾಲಿಯಾದಾಗ ಇದೇ ಸೈಫನ್ ಶುರುವಾಗುತ್ತದೆ.

ಕೆಳಗಿಳಿಯುವ ದಾರಿ: ಒಂದು ಪೈಪೋ, ಎರಡೋ, ಮೂರೋ

ಇಲ್ಲಿ ಅಪಾಯ ತಿರುಗುಮುರುಗು. ಪಂಪ್ ಓಡುತ್ತಲೇ ಇರುತ್ತದೆ, ಡ್ರೈನ್ ಕಟ್ಟಿಕೊಂಡಿರುತ್ತದೆ. ಒಂದು ಎಲೆ, ಒಂದು ಬಸವನಹುಳು, ಹಾರಿ ಬಿದ್ದ ಸಣ್ಣ ಮೀನು, ಯಾವುದಾದರೂ ಸಾಕು.

ಒಂದೇ ಪೈಪಿನ ಡರ್ಸೊ ವ್ಯವಸ್ಥೆ ಎಲ್ಲಕ್ಕಿಂತ ಸರಳ. ಓವರ್‌ಫ್ಲೋ ಬಾಕ್ಸ್ ಒಳಗೆ ನಿಂತ ಪೈಪ್, ತಲೆಯಲ್ಲಿ ಕೆಳಮುಖದ ಬಾಯಿ, ಮೇಲೆ ಒಂದು ಗಾಳಿತೂತು. ನೀರು ಮತ್ತು ಗಾಳಿ ಬೆರೆತು ಇಳಿಯುತ್ತವೆ. ಗಾಳಿತೂತನ್ನು ಸರಿಹೊಂದಿಸಿದರೆ ಸದ್ದು ಬಹಳ ತಗ್ಗುತ್ತದೆ. ಆದರೆ ಅದು ಕಟ್ಟಿಕೊಂಡರೆ ಬೇರೆ ದಾರಿ ಇಲ್ಲ. ದೊಡ್ಡ ಟ್ಯಾಂಕಿಗೆ ಒಂದೇ ಡರ್ಸೊ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹರ್ಬಿ ವ್ಯವಸ್ಥೆಯಲ್ಲಿ ಎರಡು ಪೈಪ್. ಮೊದಲನೆಯದರಲ್ಲಿ ಗಾಳಿಯೇ ಇಲ್ಲ, ಪೂರ್ತಿ ಸೈಫನ್. ಕೆಳಗಿರುವ ಗೇಟ್ ವಾಲ್ವ್ ತಿರುಗಿಸಿ, ಪಂಪ್ ಎಷ್ಟು ಮೇಲೆ ತರುತ್ತದೋ ಅಷ್ಟೇ ಇಳಿಯುವಂತೆ ಮಾಡುತ್ತಾರೆ. ಸದ್ದೇ ಇರುವುದಿಲ್ಲ. ಎರಡನೆಯದು ಸ್ವಲ್ಪ ಎತ್ತರಕ್ಕೆ ನಿಂತ ತುರ್ತು ಪೈಪ್, ಸಾಮಾನ್ಯವಾಗಿ ಒಣಗಿಯೇ ಇರುತ್ತದೆ. ಮೊದಲನೆಯದು ಕಟ್ಟಿದರೆ ನೀರು ಏರಿ ಇದಕ್ಕೆ ಬೀಳುತ್ತದೆ. ಇಲ್ಲಿ ಬಾಲ್ ವಾಲ್ವ್ ಸರಿಹೋಗುವುದಿಲ್ಲ. ಅದರ ಹಿಡಿ ಕೂದಲಷ್ಟು ಅಲುಗಿದರೂ ಹರಿವು ತುಂಬಾ ಬದಲಾಗುತ್ತದೆ. ಗೇಟ್ ವಾಲ್ವ್‌ಗೇ ದುಡ್ಡು ಹಾಕಿ. ಪಂಪ್ ಹರಿವು ಸ್ವಲ್ಪ ಬದಲಾದರೂ ಮತ್ತೆ ಹೊಂದಿಸಬೇಕಾಗುತ್ತದೆ ಎಂಬುದು ಇದರ ಕಿರಿಕಿರಿ.

ಬೀನ್‌ಅನಿಮಲ್ ವ್ಯವಸ್ಥೆಯಲ್ಲಿ ಮೂರು ಪೈಪ್. ಒಂದು ಪೂರ್ತಿ ಸೈಫನ್. ಎರಡನೆಯದರಲ್ಲಿ ಸಣ್ಣದಾಗಿ ನೀರು ಜಾರುತ್ತಿರುತ್ತದೆ. ನೀರು ಏರಿದರೆ ಅದರ ಗಾಳಿ ಕೊಳವೆ ಮುಳುಗಿ, ಅದೂ ತಾನಾಗಿ ಸೈಫನ್ ಆಗಿ ಬದಲಾಗುತ್ತದೆ. ಮೂರನೆಯದು ಒಣ ತುರ್ತು ಪೈಪ್. ಪಂಪ್ ಹರಿವಿನ ಸಣ್ಣಪುಟ್ಟ ಏರಿಳಿತವನ್ನು ಎರಡನೇ ಪೈಪೇ ನುಂಗಿಕೊಳ್ಳುತ್ತದೆ. ಹೊಸದಾಗಿ ಟ್ಯಾಂಕ್ ಮಾಡಿಸುತ್ತಿದ್ದೀರಾ? ಮೂರು ತೂತು ಕೊರೆಸಲು ಜಾಗ ಇದೆಯಾ? ಹಾಗಾದರೆ ಯೋಚಿಸದೆ ಇದನ್ನೇ ಆರಿಸಿ. ಎರಡೇ ತೂತು ಇರುವ ಟ್ಯಾಂಕಾದರೆ ಎರಡನ್ನೂ ಡ್ರೈನ್‌ಗೆ ಬಳಸಿ ಹರ್ಬಿ ಮಾಡಿ, ರಿಟರ್ನ್ ಪೈಪನ್ನು ಅಂಚಿನ ಮೇಲಿಂದ ತನ್ನಿ.

ಹರ್ಬಿಯಾಗಲಿ ಬೀನ್‌ಅನಿಮಲ್ ಆಗಲಿ, ಮೂರು ವಿಷಯ ತಪ್ಪಬಾರದು. ತುರ್ತು ಪೈಪ್ ಮುಖ್ಯ ಪೈಪಿನಷ್ಟೇ ದಪ್ಪ ಇರಬೇಕು, ಅದಕ್ಕೆ ವಾಲ್ವ್ ಇರಬಾರದು. ಅದರ ಕೆಳತುದಿ ಸಂಪಿನ ನೀರಿಗಿಂತ ಮೇಲೇ ಇರಲಿ. ನೀರು ಬಿದ್ದರೆ ಜೋರಾಗಿ ಸದ್ದಾಗುತ್ತದೆ, ಏನೋ ಸರಿಯಿಲ್ಲ ಎಂದು ಪಕ್ಕದ ಕೋಣೆಗೂ ಗೊತ್ತಾಗುತ್ತದೆ. ಸೈಫನ್ ಪೈಪಿನ ಕೆಳತುದಿ ಮಾತ್ರ ನೀರಿನಲ್ಲಿ ಎರಡು ಸೆಂಟಿಮೀಟರ್‌ನಷ್ಟೇ ಮುಳುಗಿರಲಿ. ಆಳಕ್ಕೆ ಇಳಿಸಿದರೆ ಕರೆಂಟ್ ವಾಪಸ್ ಬಂದಾಗ ಪೈಪಿನ ಒಳಗಿನ ಗಾಳಿ ಹೊರಗೆ ಹೋಗಲು ಒದ್ದಾಡುತ್ತದೆ, ಸೈಫನ್ ಶುರುವಾಗುವುದು ತಡವಾಗುತ್ತದೆ.

ಟಫನ್ಡ್ ಗಾಜನ್ನು ಕೊರೆಯಲು ಬರುವುದಿಲ್ಲ, ಪುಡಿಪುಡಿಯಾಗುತ್ತದೆ. ಅಂಥ ಟ್ಯಾಂಕಿಗೆ ಅಂಚಿನ ಮೇಲೆ ನೇತುಹಾಕುವ ಓವರ್‌ಫ್ಲೋ ಸಿಗುತ್ತದೆ. ಯು ಆಕಾರದ ಕೊಳವೆಯ ಸೈಫನ್ ಅದರ ಜೀವ. ಕೊಳವೆಯ ಮೇಲಿನ ಬಾಗಿನಲ್ಲಿ ನಿಧಾನವಾಗಿ ಗಾಳಿಗುಳ್ಳೆ ಸೇರುತ್ತಾ ಹೋಗಿ, ಒಂದು ದಿನ ಸೈಫನ್ ಮುರಿಯುತ್ತದೆ. ಪಂಪ್ ಮಾತ್ರ ಮೇಲಕ್ಕೆ ನೀರು ತುಂಬುತ್ತಲೇ ಇರುತ್ತದೆ. ಆ ಗಾಳಿಯನ್ನು ಎಳೆಯಲು ಇನ್ನೊಂದು ಸಣ್ಣ ಪಂಪ್ ಇಡುತ್ತಾರೆ. ಆಗ ನೆಲದ ಕ್ಷೇಮ ಆ ಸಣ್ಣ ಪಂಪಿನ ಕೈಯಲ್ಲಿ. ದೊಡ್ಡ ಟ್ಯಾಂಕಿಗೆ ಇದು ಬೇಡ. ಕೊರೆಯಲು ಆಗದಿದ್ದರೆ ಸಂಪ್ ಆಸೆ ಬಿಟ್ಟು, ಮುಚ್ಚಿದ ಡಬ್ಬದಂಥ ಕ್ಯಾನಿಸ್ಟರ್ ಫಿಲ್ಟರ್‌ಗೆ ಹೋಗುವುದೇ ಕ್ಷೇಮ. ಹಾಕಲೇಬೇಕಾದರೆ ಎರಡು ಯು ಕೊಳವೆ ಇರುವುದನ್ನು ಹಾಕಿ, ಟ್ಯಾಂಕ್ ಮೇಲ್ಭಾಗದಲ್ಲಿ ಪಂಪ್ ನಿಲ್ಲಿಸುವ ಫ್ಲೋಟ್ ಸ್ವಿಚ್ ಇಡಿ.

ಡ್ರೈನ್ ಯಾವುದೇ ಇರಲಿ, ಅದು ಪೂರ್ತಿ ಕಟ್ಟಿಕೊಂಡರೂ ನೆಲ ಒಣಗಿರುವಂತೆ ಮಾಡಬಹುದು. ಸಂಪಿನಲ್ಲಿ ಪಂಪ್ ಕೂರುವ ಖಾನೆಯನ್ನು ಚಿಕ್ಕದು ಮಾಡಿ. ಡ್ರೈನ್ ನಿಂತರೆ ಪಂಪ್ ಆ ಖಾನೆಯ ನೀರನ್ನಷ್ಟೇ ಮೇಲಕ್ಕೆ ತರಬಲ್ಲದು, ಆಮೇಲೆ ಗಾಳಿ ಎಳೆಯುತ್ತದೆ. ಖಾನೆ 40 × 45 ಸೆಂ.ಮೀ., ಪಂಪ್ ಎಳೆಯಬಹುದಾದ ನೀರು 20 ಸೆಂ.ಮೀ. ಎತ್ತರ ಎಂದರೆ 36 ಲೀಟರ್. ನಮ್ಮ ಟ್ಯಾಂಕಿನಲ್ಲಿ ನೀರಿನ ಮಟ್ಟದಿಂದ ಅಂಚಿಗೆ 4 ಸೆಂ.ಮೀ. ಖಾಲಿ ಇದ್ದರೆ 43 ಲೀಟರ್ ಹಿಡಿಸುತ್ತದೆ. ಸರಿ ಅಲ್ವಾ?

ಇಲ್ಲೇ ಒಂದು ಮರೆತುಹೋಗುವ ಕೊಂಡಿ ಇದೆ. ಖಾನೆಯ ನೀರು ಇಳಿದದ್ದನ್ನು ನೋಡಿ, ತಾನಾಗಿ ನೀರು ತುಂಬಿಸುವ ವ್ಯವಸ್ಥೆ ನೀರು ಆವಿಯಾಯಿತು ಎಂದುಕೊಂಡು ತನ್ನ ಡಬ್ಬದಿಂದ ತುಂಬಿಸುತ್ತದೆ. ಪಂಪ್ ಅದನ್ನೂ ಮೇಲಕ್ಕೆ ಕಳಿಸುತ್ತದೆ. ಡಬ್ಬದಲ್ಲಿ 20 ಲೀಟರ್ ಇದ್ದರೆ ಒಟ್ಟು 56 ಲೀಟರ್. 43 ಹಿಡಿಸುವ ಜಾಗಕ್ಕೆ 56. ಬಾಕಿ 13 ಲೀಟರ್ ನೆಲದ ಪಾಲು.

ತಾನಾಗಿ ನೀರು ತುಂಬಿಸುವ ವ್ಯವಸ್ಥೆ

ಫ್ಲೋಟ್ ಸ್ವಿಚ್ ಅಗ್ಗ, ಆದರೆ ಬಸವನಹುಳು ಅಥವಾ ಉಪ್ಪಿನ ಪೊರೆಗೆ ಸಿಕ್ಕಿ ನಿಲ್ಲುತ್ತದೆ. ಬೆಳಕಿನಿಂದ ನೀರು ಗುರುತಿಸುವ ಸೆನ್ಸರ್‌ನಲ್ಲಿ ಅಲುಗಾಡುವ ಭಾಗ ಇಲ್ಲ, ಆದರೆ ಜಿಡ್ಡು ಕೂತರೆ ಅದಕ್ಕೂ ಕಣ್ಣು ಕಾಣುವುದಿಲ್ಲ. ಎರಡು ಬೇರೆ ಬೇರೆ ಬಗೆಯ ಸೆನ್ಸರ್, ಜೊತೆಗೆ ಇಷ್ಟು ನಿಮಿಷಕ್ಕಿಂತ ಜಾಸ್ತಿ ಓಡಬಾರದು ಎಂಬ ಮಿತಿ ಇರುವುದನ್ನು ಆರಿಸಿ. ಇವೆಲ್ಲಕ್ಕಿಂತ ಗಟ್ಟಿಯಾದ ಕಾವಲು ಡಬ್ಬದ ಗಾತ್ರ. ಪೂರ್ತಿ ಡಬ್ಬ ಒಮ್ಮೆಲೇ ಸುರಿದರೂ ಸಂಪ್ ತುಂಬಿ ಹರಿಯಬಾರದು. ಇದೇ ಕಾರಣಕ್ಕೆ ಆರ್‌ಒ ಯಂತ್ರದ ಪೈಪನ್ನು ನೇರವಾಗಿ ಸಂಪಿಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕೊನೆಯೇ ಇಲ್ಲ. ಉಪ್ಪುನೀರಿನ ಟ್ಯಾಂಕಾದರೆ ನೆಲ ಒದ್ದೆಯಾಗುವ ಮೊದಲೇ ಉಪ್ಪಿನಂಶ ಇಳಿದು ಹವಳಗಳಿಗೆ ಪೆಟ್ಟು ಬಿದ್ದಿರುತ್ತದೆ.

ಡಬ್ಬದಿಂದ ಬರುವ ಸಣ್ಣ ಕೊಳವೆಯ ತುದಿ ಸಂಪಿನ ನೀರಿಗೂ ಡಬ್ಬದ ತುಂಬಿದ ಮಟ್ಟಕ್ಕೂ ಮೇಲೇ ಇರಲಿ. ಕೆಳಗಿದ್ದರೆ ಪಂಪ್ ನಿಂತ ಮೇಲೂ ಸೈಫನ್ ಆಗಿ ಡಬ್ಬ ಖಾಲಿಯಾಗುತ್ತದೆ. ತುದಿ ಸಂಪಿನ ನೀರಲ್ಲಿ ಮುಳುಗಿ ಡಬ್ಬದ ಮಟ್ಟ ಕೆಳಗಿದ್ದರೆ, ಸಂಪಿನ ನೀರೇ ಡಬ್ಬಕ್ಕೆ ಹೋಗುತ್ತದೆ.

ಸ್ವಿಚ್‌ಗಳಿಗೆ ಯಾವುದನ್ನು ನಿಲ್ಲಿಸಲು ಹೇಳುತ್ತೀರಿ ಎಂಬುದೂ ಮುಖ್ಯ. ಮೇಲಿನ ಟ್ಯಾಂಕಿನ ಎತ್ತರದ ಸ್ವಿಚ್ ರಿಟರ್ನ್ ಪಂಪನ್ನೂ ನೀರು ತುಂಬಿಸುವುದನ್ನೂ ನಿಲ್ಲಿಸಬೇಕು. ಸಂಪಿನ ಎತ್ತರದ ಸ್ವಿಚ್ ನೀರು ತುಂಬಿಸುವುದನ್ನು ಮಾತ್ರ ನಿಲ್ಲಿಸಬೇಕು. ಆಗಲೇ ತುಂಬಿರುವ ಸಂಪ್ ಮೇಲೆ ರಿಟರ್ನ್ ಪಂಪನ್ನೂ ನಿಲ್ಲಿಸಿದರೆ, ಮೇಲಿನ ನೀರೂ ಅದರ ಮೇಲೇ ಬಂದು ಬೀಳುತ್ತದೆ.

ಕ್ಯಾನಿಸ್ಟರ್ ಫಿಲ್ಟರ್

ಇದು ಮುಚ್ಚಿದ ಸುತ್ತು. ಕರೆಂಟ್ ಹೋದರೆ ನೀರು ಇದ್ದಲ್ಲೇ ನಿಲ್ಲುತ್ತದೆ, ತುಂಬಿ ಹರಿಯುವ ಮಾತೇ ಇಲ್ಲ. ಇಲ್ಲಿನ ಅಪಾಯ ಸೋರಿಕೆ. ಮುಚ್ಚಳದ ರಬ್ಬರ್ ರಿಂಗ್ ಒಣಗಿ ಬಿರುಕು ಬಿಟ್ಟರೆ, ಇಲ್ಲವೇ ಹೋಸ್ ಜಾರಿದರೆ, ನೀರು ಎಳೆಯುವ ಪೈಪಿನ ಬುಡದವರೆಗೆ ಟ್ಯಾಂಕ್ ಖಾಲಿಯಾಗುತ್ತದೆ. ಮೇಲ್ಮೈಯಿಂದ 6 ಸೆಂ.ಮೀ. ಕೆಳಗೆ ಆ ಪೈಪಿಗೆ 3 ಮಿ.ಮೀ.ನ ತೂತು ಕೊರೆದರೆ ನಮ್ಮ ಟ್ಯಾಂಕಿನಲ್ಲಿ ಸುಮಾರು 65 ಲೀಟರ್ ಹೋದ ಮೇಲೆ ತೂತು ಗಾಳಿ ಎಳೆಯುತ್ತದೆ. ಆ ಮಟ್ಟದ ಆಸುಪಾಸಿನಲ್ಲಿ ಸೋರಿಕೆ ನಿಲ್ಲುತ್ತದೆ. 65 ಲೀಟರ್ ಕಡಿಮೆಯೇನಲ್ಲ, ಆದರೆ ಮೀನುಗಳು ಉಳಿಯುತ್ತವೆ. ನೀರು ವಾಪಸ್ ಬಿಡುವ ಕೊಳವೆಯನ್ನೂ ಮೇಲ್ಮೈಗೆ ಹತ್ತಿರ ಇಡಿ, ಆ ಕಡೆಯಿಂದಲೂ ನೀರು ಜಾರಬಹುದು. ಆವಿಯಾಗಿ ನೀರು ತೂತಿನವರೆಗೆ ಇಳಿಯಲು ಬಿಡಬೇಡಿ, ಫಿಲ್ಟರ್ ಗಾಳಿ ನುಂಗುತ್ತದೆ.

ಗಾಳಿ ಪಂಪಿಗೂ ಇದೇ ನಿಯಮ. ಅದನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಆಗದಿದ್ದರೆ ಕೊಳವೆಗೆ ಸಣ್ಣ ಚೆಕ್ ವಾಲ್ವ್ ಹಾಕಿ, ಗಟ್ಟಿಯಾದಾಗ ಬದಲಿಸಿ.

ಜಾಯಿಂಟ್‌ಗಳು, ಕರೆಂಟ್

ಗಾಜಿನ ತೂತಿಗೆ ಹಾಕುವ ಟ್ಯಾಂಕ್ ಕನೆಕ್ಟರ್‌ನ ರಬ್ಬರ್ ವಾಷರ್ ಅಗಲ ಅಂಚಿನ ಕಡೆಗೆ, ಅಂದರೆ ನೀರಿರುವ ಬದಿಗೆ ಬರಬೇಕು. ನಟ್ ಕಡೆಗೆ ಹಾಕಿದರೆ ನೀರು ಥ್ರೆಡ್ ಸಂದಿಯಲ್ಲಿ ಹೊರಗೆ ಬರುತ್ತದೆ. ಕೈಯಲ್ಲಿ ಬಿಗಿಮಾಡಿ, ಆಮೇಲೆ ಕಾಲು ಸುತ್ತು. ಅದಕ್ಕಿಂತ ಜಾಸ್ತಿ ಬಿಗಿದರೆ ವಾಷರ್ ಜಾರುತ್ತದೆ, ಗಾಜೂ ಬಿರುಕು ಬಿಡಬಹುದು. ಪಂಪಿನ ವೈರ್ ಸಾಕೆಟ್‌ಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಲಿ. ವೈರ್ ಮೇಲೆ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಸಾಕೆಟ್ ಬೋರ್ಡ್ ಕ್ಯಾಬಿನೆಟ್ ತಳದಲ್ಲಿ ಬೇಡ, ಪಕ್ಕದ ಗೋಡೆಯಲ್ಲಿ ಎತ್ತರಕ್ಕೆ ಇರಲಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ನಲ್ಲಿಗೆ ವಾಪಸ್ ಹೋಗುವ ನೀರು

ನಲ್ಲಿಗೆ ಹೋಸ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಟ್ಯಾಂಕ್ ನೀರಿನಲ್ಲಿ ಮುಳುಗಿಸಿ ತುಂಬಿಸುವುದು ಸಾಮಾನ್ಯ. ಆ ಹೊತ್ತಿಗೆ ಮನೆಯ ಪೈಪಿನಲ್ಲಿ ಒತ್ತಡ ಬಿದ್ದುಹೋದರೆ ಹೋಸ್ ಸೈಫನ್ ಆಗಿ ಟ್ಯಾಂಕಿನ ನೀರನ್ನು ಒಳಕ್ಕೆ ಎಳೆಯುತ್ತದೆ. ಮೀನಿನ ಮದ್ದು ಹಾಕಿದ ನೀರು ಅಡುಗೆಮನೆ ನಲ್ಲಿಗೆ ಬರಬಹುದು. ಇಲ್ಲಿಯೂ ಅತ್ಯುತ್ತಮ ಆಯ್ಕೆ ಅಲುಗಾಡುವ ಭಾಗ ಇಲ್ಲದ್ದೇ: ಗಾಳಿಯ ಅಂತರ. ಹೋಸ್ ತುದಿ ನೀರು ಏರಬಹುದಾದ ಅಂಚಿಗಿಂತ ಮೇಲೆ ಇರಬೇಕು, ಪೈಪಿನ ಒಳ ಅಗಲದ ಎರಡರಷ್ಟು, ಕಡಿಮೆಯೆಂದರೂ 25 ಮಿ.ಮೀ. ಡ್ರಮ್ಮಿಗೆ ಹೀಗೆ ತುಂಬಿಸಿ, ಅಲ್ಲಿಂದ ಪಂಪಿನಲ್ಲಿ ಟ್ಯಾಂಕಿಗೆ ಹಾಕಿ. ನಲ್ಲಿಗೆ ಸಿಕ್ಕಿಸುವ ವ್ಯಾಕ್ಯೂಮ್ ಬ್ರೇಕರ್ (ಒತ್ತಡ ಬಿದ್ದಾಗ ಗಾಳಿ ಒಳಬಿಟ್ಟು ಸೈಫನ್ ಮುರಿಯುವ ಭಾಗ) ಎರಡನೇ ಆಯ್ಕೆ. ಸಾದಾ ಚೆಕ್ ವಾಲ್ವ್ ಒಂದನ್ನೇ ನಂಬಿ ಕುಡಿಯುವ ನೀರಿನ ಜೊತೆ ಆಟ ಬೇಡ.

ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ, ಮೀನು ಬಿಡುವ ಮೊದಲು, ಸಿಹಿನೀರಿನಲ್ಲೇ ಪರೀಕ್ಷೆ ಮಾಡಿ. ಮೇಲಿನ ಟ್ಯಾಂಕ್ ತುಂಬಿಸಿ ಪಂಪ್ ಓಡಿಸಿ, ನಿಲ್ಲಿಸಿ, ನೀರು ಇಳಿಯುವುದು ಪೂರ್ತಿ ನಿಲ್ಲುವ ತನಕ ಕಾಯಿರಿ. ಚೆಕ್ ವಾಲ್ವ್ ಇದ್ದರೆ ಅದರ ಒಳಬಾಗಿಲು ತೆಗೆದೇ ಇದನ್ನು ಮಾಡಬೇಕು. ಪಂಪ್ ನಿಂತಿರುವಾಗ ಸಂಪನ್ನು ಅಂಚಿಗೆ 4 ಸೆಂ.ಮೀ. ಕಡಿಮೆ ಇರುವ ತನಕ ತುಂಬಿಸಿ. ಈಗ ಪಂಪ್ ಹಾಕಿ. ನೀರು ಸ್ಥಿರವಾದಾಗ ಪಂಪ್ ಖಾನೆಯಲ್ಲಿ ಎಲ್ಲಿ ನಿಂತಿದೆಯೋ ಅಲ್ಲಿ ಟೇಪ್ ಅಂಟಿಸಿ. ಓಡುವಾಗ ಆ ಗೆರೆಗಿಂತ ಮೇಲೆ ಒಂದು ಮಗ್ ನೀರನ್ನೂ ಹಾಕಬಾರದು. ಮನೆಯವರಿಗೆಲ್ಲ ಆ ಗೆರೆ ತೋರಿಸಿ, ನೀವಿಲ್ಲದಾಗ ನೀರು ಹಾಕುವವರು ಅವರೇ.

ಆಮೇಲೆ ಮುಖ್ಯ ಡ್ರೈನ್‌ನ ಗೇಟ್ ವಾಲ್ವ್ ಪೂರ್ತಿ ಮುಚ್ಚಿ, ತುರ್ತು ಪೈಪ್ ಎಲ್ಲ ನೀರನ್ನೂ ಹೊರುತ್ತದಾ ನೋಡಿ. ಅದಾದ ಮೇಲೆ ತುರ್ತು ಪೈಪನ್ನೂ ಬಟ್ಟೆಯಿಂದ ಮುಚ್ಚಿ, ಮೂರು ಪೈಪಿದ್ದರೆ ಮೂರನ್ನೂ. ಕೈ ಸ್ವಿಚ್ ಮೇಲೇ ಇರಲಿ. ಪಂಪ್ ಗಾಳಿ ಎಳೆಯುವ ಹೊತ್ತಿಗೂ ಟ್ಯಾಂಕ್ ಅಂಚು ಮೀರದಿದ್ದರೆ ಖಾನೆಯ ಲೆಕ್ಕ ಸರಿ. ನೀರು ತುಂಬಿಸುವ ವ್ಯವಸ್ಥೆಯನ್ನೂ ಹಾಕಿಕೊಂಡೇ ಇದನ್ನು ಮಾಡಿ. ಕೊನೆಗೆ ಪಂಪನ್ನು ಹತ್ತಾರು ಸೆಕೆಂಡುಗಳ ಅಂತರದಲ್ಲಿ ಕೆಲವು ಸಲ ಆರಿಸಿ ಹಾಕಿ. ಕರೆಂಟ್ ಬಂದು ಹೋಗಿ ಮಾಡುವಾಗ ಸೈಫನ್ ಅರ್ಧಕ್ಕೆ ಸಿಕ್ಕಿಕೊಳ್ಳುವುದು ಆಗಲೇ ಗೊತ್ತಾಗುವುದು. ಪ್ರೋಟೀನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಇದ್ದರೆ ಅದು ಪಂಪಿಗಿಂತ ಕೆಲವು ನಿಮಿಷ ತಡವಾಗಿ ಶುರುವಾಗುವಂತೆ ಟೈಮರ್ ಇಡಿ. ಸಂಪಿನ ಮಟ್ಟ ಇನ್ನೂ ಎತ್ತರದಲ್ಲಿರುವಾಗ ಓಡಿದರೆ ಅದರ ಕಪ್ ಉಕ್ಕಿ ಹರಿಯುತ್ತದೆ.

ಮೊದಲ ಪರೀಕ್ಷೆಯನ್ನು, ಅಂದರೆ ಪಂಪ್ ಆರಿಸಿ ಕಾಯುವುದನ್ನು, ತಿಂಗಳಿಗೊಮ್ಮೆ ನೀರು ಬದಲಿಸುವ ದಿನ ಮತ್ತೆ ಮಾಡಿ. ಆ ದಿನ ಹೇಗೂ ಪಂಪ್ ನಿಲ್ಲಿಸುತ್ತೀರಿ. ಸಂಪಿನಲ್ಲಿ ನೀರು ನಿಂತ ಮಟ್ಟ ಹಿಂದಿನ ಸಲಕ್ಕಿಂತ ಮೇಲಿದ್ದರೆ ಮೊದಲು ಸೈಫನ್ ತೂತನ್ನು ನೋಡಿ, ಆಮೇಲೆ ವಾಲ್ವ್ ಬಿಚ್ಚಿ.